ದೇವರ ಮುಂದೆ ಬಂದ ನನ್ನ ಹೆಸರಿನ ಚೀಟಿ

ಮೊನ್ನೆ ಕಂಪ್ಲಿಯಿಂದ ಹೊಸಪೇಟೆಗೆ ಬಂದು, ಅಲ್ಲಿ ಸಂಡೂರಿನ ಬಸ್ಸು ಹತ್ತಿ ನಮ್ಮ ಹಳೇ ಊರಿಗೆ ಹೋಗಿದ್ದೆ. ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಊರು ಇನ್ನೊಂದು ತಿರುವು ಇದೆ ಅನ್ನುವಾಗ ರಸ್ತೆ ಬದಿ ಯಾರೋ ಹಳೇ ಟೈರಿಗೆ ಬೆಂಕಿ ಇಟ್ಟಿದ್ದರು. ಆ ಕಮಟು ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತ ಹೆಣ್ಣುಮಗಳು ಮೂಗು ಮುಚ್ಚಿಕೊಂಡು ಕಿಟಕಿ ಎಳೆದಳು. ನಾನು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಶಿವ ಶಿವ ಅಂದೆ. ಟೈರು ಸುಟ್ಟ ವಾಸನೆ ಬಂದರೆ ನನಗೆ ನೆನಪಾಗುವುದು ಒಂದೇ ವರ್ಷ. ಊರಿನ ಮಂದಿಯೇ ಮಂದಿಯನ್ನು ಬಡಿದ ವರ್ಷ, ದೇವರ ಮುಂದೆ ನನ್ನ ಹೆಸರು ಬಂದ ವರ್ಷ.

ಆಗ ನಮ್ಮ ಮನೆ ಊರಿನ ದೊಡ್ಡ ರಸ್ತೆಯ ಮೇಲೇ ಇತ್ತು. ಮುಂದೆ ಹಿಟ್ಟಿನ ಗಿರಣಿ, ಹಿಂದೆ ನಾವಿರುವ ಮನೆ. ಗಣಿ ಜೋರಾಗಿದ್ದ ಕಾಲ. ಬೆಟ್ಟದಿಂದ ಅದಿರು ತುಂಬಿಕೊಂಡ ಲಾರಿಗಳು ಹಗಲು ರಾತ್ರಿ ಒಂದರ ಹಿಂದೊಂದು ನಮ್ಮ ಬಾಗಿಲ ಮುಂದೆ ಹೋಗುತ್ತಿದ್ದವು. ಖಾಲಿ ಲಾರಿ ಇನ್ನೂ ಜೋರು. ಬೆಳಿಗ್ಗೆ ತುಳಸಿ ಗಿಡಕ್ಕೆ ನೀರು ಹಾಕಿದರೆ ಕೆಂಪು ನೀರು ಇಳಿಯುತ್ತಿತ್ತು. ದೇವರ ಜಗಲಿ ಒರೆಸಿ ವಿಭೂತಿ ಹಚ್ಚಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮತ್ತೆ ಕೆಂಪು ಕೂತಿರುತ್ತಿತ್ತು. ಒಣಗಲು ಹಾಕಿದ ಬಿಳೀ ಪಂಚೆ ಕಾವಿಯಾಗುತ್ತಿತ್ತು. ನಮ್ಮನೆಯವರು ಅದನ್ನೇ ಉಟ್ಟುಕೊಂಡು, ಸನ್ಯಾಸ ತೊಗೊಂಡೆ ನೋಡು, ಇನ್ನ ರೊಟ್ಟಿ ಬಡಿಯೋದು ನಿಲ್ಲಸು ಅನ್ನುತ್ತಿದ್ದರು. ನಗುತ್ತಿದ್ದೆವು. ಕೆಮ್ಮಿಕೊಂಡೇ ನಗುತ್ತಿದ್ದೆವು.

ಯುಗಾದಿ ಹತ್ತಿರ ಬಂದಿತ್ತು. ಹೂವು ಮಾರುವ ಹುಲಿಗೆಮ್ಮ ದಿನಾ ನಸುಕಿಗೆ ನನಗೊಂದು ಮೊಳ ಕನಕಾಂಬರ ಕೊಟ್ಟು ರಸ್ತೆ ದಾಟಿ ಆಂಜನೇಯನ ಗುಡಿ ಕಟ್ಟೆಗೆ ಹೋಗಿ ಕೂಡುತ್ತಿದ್ದಳು. ಅವಳ ಮಗ ವೀರೇಶ ನಮ್ಮ ಎದುರಿಗೇ ಟೇಲರ್ ಅಂಗಡಿ ಇಟ್ಟಿದ್ದ. ಅವತ್ತು ಹೂವು ನನ್ನ ಕೈಗೆ ಕೊಟ್ಟು, ಬಿಸಲು ಭಾಳ ಆಕ್ಕೈತವ್ವ ಇವತ್ತು ಅಂದು, ಬುಟ್ಟಿ ತಲೆಗಿಟ್ಟುಕೊಂಡು ಹೊರಟಳು. ನಾನು ಒಳಗೆ ತಿರುಗಿದ್ದೆ. ಬ್ರೇಕ್ ಹಾಕಿದ ಸದ್ದು ಕೇಳಲಿಲ್ಲ. ಬೇರೆ ಸದ್ದು ಕೇಳಿತು. ಅದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ತಿರುಗಿ ನೋಡಿದರೆ ಲಾರಿ ಗುಡಿ ಕಟ್ಟೆಗೆ ಮೂತಿ ಇಟ್ಟು ನಿಂತಿತ್ತು. ಮಲ್ಲಿಗೆ ಮಾಲೆ ಹಿಂದಿನ ಗಾಲಿಗೆ ಸುತ್ತಿಕೊಂಡಿತ್ತು. ಆಕೆಯ ತಲೆ ಇರಬೇಕಾದ ಕಡೆ ಇರಲಿಲ್ಲ.

ವೀರೇಶ ಬಾಯಲ್ಲಿ ದಾರ ಕಚ್ಚಿಕೊಂಡೇ ಹೊರಗೆ ಬಂದ. ತಾಯಿಯನ್ನು ನೋಡಿದ. ಅಂಗಡಿಗೆ ವಾಪಸು ಹೋಗಿ ಬಟ್ಟೆ ಅಳೆಯುವ ಕಬ್ಬಿಣದ ಗಜ ತಂದ. ಅಷ್ಟರೊಳಗೆ ಮಂದಿ ಡ್ರೈವರನನ್ನು ಕೆಳಗೆ ಎಳೆದಿದ್ದರು. ಆಂಧ್ರದ ಕಡೆಯವನು, ಸಣ್ಣ ಆಳು. ಕಲ್ಲು, ಚಪ್ಪಲಿ, ಕಟ್ಟಿಗೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ದಿನಾ ನನ್ನನ್ನು ಅಕ್ಕಾ ಅನ್ನುವವರು, ನಮ್ಮ ಗಿರಣಿಯಲ್ಲಿ ಜೋಳ ಬೀಸಿಸುವವರು. ವೀರೇಶ ಬಾಯಲ್ಲಿನ ದಾರ ಉಗುಳದೇ ಹೊಡೆದ. ಗಜದ ತುದಿ ಡ್ರೈವರನ ಕಣ್ಣಿಗೆ ಬಿತ್ತು.

ನಮ್ಮನೆಯವರು ಜಗಳಕ್ಕೆ ಹೋಗುವವರಲ್ಲ. ಆದರೆ ಅವತ್ತು ಮಂದಿಯ ಕಾಲ ಸಂದಿಯಲ್ಲಿ ನುಗ್ಗಿ ಆ ಡ್ರೈವರನ ಅಂಗಿ ಹಿಡಿದು, ಹಿಟ್ಟಿನ ಮೂಟೆ ಎಳೆದ ಹಾಗೆ ಎಳೆದು ಗಿರಣಿಯೊಳಗೆ ಹಾಕಿ ಶಟರು ಇಳಿಸಿಬಿಟ್ಟರು. ಒಳಗೆ ನಾವು ಮೂವರು. ಹೊರಗಿನಿಂದ ಶಟರಿಗೆ ಕಲ್ಲು ಬೀಳುತ್ತಿದ್ದವು. ನನ್ನ ಸೆರಗು ಅವನ ಕಣ್ಣಿಗೆ ಒತ್ತಿ ಹಿಡಿದಿದ್ದೆ, ಬೆರಳ ಸಂದಿಯಿಂದ ಬಿಸಿ ರಕ್ತ ಬರುತ್ತಿತ್ತು. ಅಮ್ಮಾ, ಅಮ್ಮಾ ಅನ್ನುತ್ತಿದ್ದ, ಮತ್ತೇನೂ ಇಲ್ಲ. ಶಟರು ಮುರಿಯಲಿಲ್ಲ ಅಂತ ಮಂದಿ ಲಾರಿಗೆ ಬೆಂಕಿ ಹಚ್ಚಿದರು. ಟೈರು ಒಂದೊಂದೇ ಸಿಡಿದವು. ಡೀಸೆಲ್ ಟ್ಯಾಂಕು ಸಿಡಿಯಲಿಲ್ಲ. ಸಿಡಿದಿದ್ದರೆ ಗುಡಿ, ಗಿರಣಿ, ನಾವು ಯಾರೂ ಉಳಿಯುತ್ತಿರಲಿಲ್ಲ. ಆ ಡ್ರೈವರ್ ಬದುಕಿದ, ಒಂದು ಕಣ್ಣು ಹೋಯಿತು. ಅಷ್ಟಾದರೂ ದೇವರು ಇಟ್ಟ ಅಂದುಕೊಂಡೆ.

ಆಮೇಲಿನ ದಿನಗಳು ಇನ್ನೂ ಕೆಟ್ಟವು. ಸುಟ್ಟ ಲಾರಿ ಪಂಪಣ್ಣನದು. ನಮ್ಮ ಕಡೆಯವನೇ, ಲಾರಿಗಳ ಮೇಲೆ ಲಾರಿ ಮಾಡಿಕೊಂಡಿದ್ದ ಸಾವುಕಾರ. ಅವನ ಆಳುಗಳು ಜೀಪಿನಲ್ಲಿ ಬಂದು ಚಹದ ಅಂಗಡಿ ಮುಂದೆ ಕೂತವರನ್ನು ಕೂತಲ್ಲೇ ಬಡಿದರು. ಯಾರು ಲಾರಿ ಸುಟ್ಟಿದ್ದರೋ ಅವರಲ್ಲ, ಸಿಕ್ಕವರು. ಪೊಲೀಸರು ಬಂದಾಗ ದೊಡ್ಡ ರಸ್ತೆಯವರು ಕೇರಿ ಹುಡುಗರ ಹೆಸರು ಹೇಳಿದರು. ಕೇರಿಯವರು ಅವತ್ತು ಗದ್ದೆ ಕೂಲಿಗೆ ಹೋಗಿದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಅವರ ಮನೆ ಬಾಗಿಲು ಒದ್ದು ಹುಡುಗರನ್ನು ಒಯ್ದರು. ಊರವರು ಸೇಡಿಗೆ ರಸ್ತೆಗೆ ಗುಂಡಿ ತೋಡಿದರು, ಬರುವ ಲಾರಿಗಳ ಗಾಜು ಒಡೆದರು. ಜೀಪುಗಳು ಮತ್ತೆ ಬಂದವು. ಹೆಣ್ಣುಮಕ್ಕಳು ನೀರಿಗೆ ಹೋಗುವುದೂ ಗುಂಪು ಕಟ್ಟಿಕೊಂಡೇ. ಯಾರ ಮನೆಯಲ್ಲಾದರೂ ಪಾತ್ರೆ ಬಿದ್ದರೆ ಓಣಿಯೆಲ್ಲ ಬಾಗಿಲು ಹಾಕಿಕೊಳ್ಳುತ್ತಿತ್ತು.

ಆ ಹೊತ್ತಿನಲ್ಲಿ ಧಾರವಾಡದ ಕಡೆಯಿಂದ ಒಬ್ಬ ಮೇಡಂ ಬಂದರು. ಇನ್ನೂ ಎಳೇ ವಯಸ್ಸು, ಬಗಲಲ್ಲಿ ಚೀಲ. ತಾಲೂಕಿನ ಅಧಿಕಾರಿಗಳೇ ಕರೆಸಿದ್ದರು. ಎರಡೂ ಕಡೆಯ ಮುಖಂಡರನ್ನು ಕೂಡಿಸಿ ಮಾತಾಡಿಸಿ ಅವರಿಗೆ ಸಾಕಾಗಿತ್ತು. ಮೇಡಂ ಗುಡಿ ಕಟ್ಟೆ ಮೇಲೆ ನಿಂತು ಹೇಳಿದ್ದು ಇಷ್ಟು. ಊರಿನ ಮತದಾರರ ಹೆಸರು ಬರೆದು, ಅದರಲ್ಲಿ ಹನ್ನೆರಡು ಮಂದಿಯನ್ನು ಚೀಟಿ ಎತ್ತಿ ಆರಿಸೋಣ. ಮುಖಂಡರು ಬೇಡ, ಬರೀ ಸಾಮಾನ್ಯ ಜನ. ಲಾರಿ ಮಾಲೀಕರು, ಡ್ರೈವರು, ಎಂಜಿನಿಯರು, ಡಾಕ್ಟರು ಎಲ್ಲರೂ ಅವರ ಮುಂದೆ ಬಂದು ತಮ್ಮ ಮಾತು ಹೇಳಲಿ, ಕೇಳಿದ್ದಕ್ಕೆ ಉತ್ತರ ಕೊಡಲಿ. ಕೊನೆಗೆ ಆ ಹನ್ನೆರಡು ಮಂದಿ ಕೈ ಎತ್ತಿ ಏನು ಹೇಳುತ್ತಾರೋ ಅದನ್ನೇ ಪಂಚಾಯ್ತಿ ಠರಾವು ಮಾಡಲಿ, ಅಧಿಕಾರಿಗಳು ನಡೆಸಲಿ. ಜನರ ಜ್ಯೂರಿ ಅಂತ ಅವರು ಅಂದರು. ಊರ ಬಾಯಲ್ಲಿ ಸಂಜೆಯೊಳಗೆ ಅದು ಚೀಟಿ ಪಂಚಾಯ್ತಿ ಆಯಿತು.

ತೀರ್ಮಾನ ಆಗಬೇಕಾದದ್ದು ಲಾರಿಗಳ ದಾರಿ. ಒಂದು, ಈಗಿನಂತೆ ದೊಡ್ಡ ರಸ್ತೆಯಲ್ಲೇ ಬಿಡುವುದು. ಇನ್ನೊಂದು, ಊರ ಹಿಂದೆ ಕೇರಿ ನಡುವೆ ಹೋಗುವ ಗಾಡಿ ದಾರಿಯನ್ನು ಅಗಲ ಮಾಡಿ ಲಾರಿಗಳನ್ನು ಅತ್ತ ತಿರುಗಿಸುವುದು. ಮೂರನೆಯದು, ಯಾವ ದಾರಿಯಲ್ಲೂ ಹಗಲು ಹೊತ್ತು ಅದಿರಿನ ಲಾರಿ ಬಿಡದಿರುವುದು. ಮೂರನೆಯದು ಪಂಪಣ್ಣನಿಗೆ ಬೇಡ. ಎರಡನೆಯದಾದರೆ ಅವನಿಗೂ ಆಯಿತು, ದೊಡ್ಡ ರಸ್ತೆಯ ನಮಗೂ ಆಯಿತು. ನಮ್ಮ ಓಣಿಯಲ್ಲಿ ಆಗಲೇ ಎಲ್ಲರೂ ಅದನ್ನೇ ಅನ್ನುತ್ತಿದ್ದರು. ನಾನೂ ಅದನ್ನೇ ಅಂದುಕೊಂಡಿದ್ದೆ.

ಮೇಡಂ ಪಂಚಾಯ್ತಿ ಆಫೀಸಿನಲ್ಲಿ ಚೀಟಿ ಎತ್ತೋಣ ಅಂದರು. ಊರು ಒಪ್ಪಲಿಲ್ಲ. ಆಫೀಸಿನಲ್ಲಿ ಯಾವ ಚೀಟಿ ಹೆಂಗ ಮಡಚಿರ್ತಾರೋ ಯಾರು ಕಂಡೋರು ಅಂದರು. ನಮ್ಮಲ್ಲಿ ಹೊಲ ಪಾಲಾಗುವಾಗಲೂ ಹೆಣ್ಣು ಕೊಡುವಾಗಲೂ ಮನಸ್ಸು ಎರಡಾದರೆ ದೇವರ ಮುಂದೆ ಚೀಟಿ ಹಾಕುವುದು ರೂಢಿ. ಬಂದ ಚೀಟಿ ದೇವರ ಮಾತು, ಅದನ್ನು ತಿರುಗಿ ಹಾಕುವಂತಿಲ್ಲ. ಹಾಗೇ ಆಂಜನೇಯನ ಮುಂದೆ ದೊಡ್ಡ ಹಂಡೆಯಲ್ಲಿ ಚೀಟಿ ಹಾಕಿದರು. ಪೂಜಾರಿ ಮಡಿ ಪಂಚೆಯಲ್ಲಿ ಒಂದೊಂದೇ ಎತ್ತಿ ಓದಿದರು. ಕೇರಿಯವರು ಕಟ್ಟೆಯ ಕೆಳಗೆ, ಬಿಸಿಲಲ್ಲಿ ನಿಂತಿದ್ದರು. ಕಳೆ ಕೀಳಲು ಹೋಗುವ ದುರುಗಮ್ಮನ ಹೆಸರು ಬಂತು. ಆಕೆ ನಿಂತಲ್ಲಿಂದಲೇ ಕೈ ಮುಗಿದು, ಒಳಗ ಕರೀದೇ ಇರೋ ದೇವರು ಹೆಸರು ಕರದಾನ ನೋಡ್ರಿ ಅಂದಳು. ಕೆಲವರು ನಕ್ಕರು, ಕೆಲವರು ನೆಲ ನೋಡಿದರು. ವೀರೇಶನ ಹೆಸರು ಬಂತು. ತಾಯಿ ಸತ್ತವನು, ಇವನನ್ನು ಬಿಟ್ಟು ಬೇರೆ ಎತ್ತೋಣವೇ ಅಂತ ಮೇಡಂ ಕೇಳಿದರು. ದೇವರ ಚೀಟಿ, ಹೆಂಗ ಬಿಡ್ತೀರಿ ಅಂದರು ಮಂದಿ. ಆಮೇಲೆ ನನ್ನ ಹೆಸರು.

ನಮ್ಮನೆಯವರು ಗಟ್ಟಿಯಾಗಿ ನಕ್ಕರು. “ಇಕಿ ಏನ್ ಹೇಳ್ಯಾಳ್ರಿ, ಸಾರಿಗೆ ಉಪ್ಪು ಸಾಲ್ತತೋ ಇಲ್ಲೋ ಅನ್ನಾಕೂ ನನ್ನ ಕೇಳ್ತಾಳ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ದೀಪ ಹಚ್ಚಿದಾಗ ಒಂದು ಮಾತು ಹೊಳೆಯಿತು. ಇಷ್ಟು ವರ್ಷ ನಾನು ದೇವರನ್ನು ಕೇಳುತ್ತಾ ಬಂದವಳು. ಅವನು ನನ್ನನ್ನು ಏನನ್ನೂ ಕೇಳಿರಲಿಲ್ಲ.

ಸಾಲೆಯಲ್ಲಿ ಕೂಡಿದೆವು. ರಜೆ ಇತ್ತು, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಮಧ್ಯಾಹ್ನ ಎಲ್ಲರಿಗೂ ಅಲ್ಲೇ ಉಪ್ಪಿಟ್ಟು. ಮೊದಲ ದಿನ ನಾನು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ದುರುಗಮ್ಮ ನೋಡಿದಳು. ಆಕೆ ನಮ್ಮ ಗಿರಣಿಗೆ ಬರುತ್ತಿದ್ದವಳೇ, ಹೊರಗಿನ ಮೆಟ್ಟಿಲ ಹತ್ತಿರ ಚೀಲ ಹಿಡಿದು ನಿಂತರೆ ನಾವು ಮೇಲಿನಿಂದ ಹಿಟ್ಟು ಸುರಿಯುವುದು ರೂಢಿ. ಅಕ್ಕೋರ ರೊಟ್ಟಿ ಕಡೀಗೆ ಗಾಳಿ ಬೀಸಾಕತ್ತೇತಿ, ನಾ ಈ ಕಡೆ ಸರೀತೀನಿ ಬಿಡ್ರಿ ಅಂತ ತನ್ನ ಬೆಂಚು ಎಳೆದಳು. ಸಿಟ್ಟಿನಿಂದಲ್ಲ, ಆಟಕ್ಕೆ ಅಂದಂತೆ ಅಂದಳು. ಅದಕ್ಕೇ ಹೆಚ್ಚು ಚುಚ್ಚಿತು. ಮರುದಿನ ನಾನು ಬುತ್ತಿ ಒಯ್ಯಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಿತ್ತು. ಯಜಮಾನ್ರನ್ನ ಕೇಳಿ ಬರ್ತೀರೇನು ಅಂದಳು ದುರುಗಮ್ಮ. ಅವತ್ತು ಹಾಗೆ ನಕ್ಕಿದ್ದೆ ನಾನು, ಹೊಟ್ಟೆ ಹಿಡಿದುಕೊಂಡು.

ಎಂಜಿನಿಯರು ಬಂದರು, ನಕಾಶೆ ಬಿಡಿಸಿದರು. ಡಾಕ್ಟರು ಬಂದು ಧೂಳಿನ ಕೆಮ್ಮಿನ ಬಗ್ಗೆ ಹೇಳಿದರು. ಪಂಪಣ್ಣ ಬಿಳೀ ಅಂಗಿಯಲ್ಲಿ ಬಂದು, ಎಷ್ಟು ಮನೆಗಳ ಒಲೆ ಲಾರಿಯಿಂದ ಉರೀತೈತಿ ಅಂತ ಮೆತ್ತಗೆ ಹೇಳಿ ಹೋದ. ಕೊನೆಯ ದಿನದ ಹಿಂದಿನ ಸಂಜೆ ಆ ಡ್ರೈವರ್ ಬಂದ. ಒಂದು ಕಣ್ಣಿಗೆ ಹತ್ತಿ ಕಟ್ಟಿತ್ತು, ದವಡೆ ಇನ್ನೂ ಒಂದು ಕಡೆ ಬಾತಿತ್ತು. ಒಳಗೆ ಬಂದವನೇ ಉಳಿದ ಕಣ್ಣಿನಿಂದ ನಮ್ಮನ್ನೆಲ್ಲ ನೋಡಿದ. ವೀರೇಶನ ಮೇಲೆ ಆ ಕಣ್ಣು ನಿಂತಿತು. ಆಮೇಲೆ ಕೆಳಗೆ ಇಳಿಯಿತು. ಯಾರು ಹೊಡೆದರು ಅಂತ ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ವೀರೇಶನ ಉಸಿರಾಟ ಕೇಳುತ್ತಿತ್ತು.

ವೀರೇಶನೇ ಕೇಳಿದ. “ನಮ್ಮವ್ವ ಏನರ ಅಂದ್ಲಾ?”

ಡ್ರೈವರ್ ಉಳಿದ ಕಣ್ಣು ಮೇಲೆತ್ತಿದ. “ನಾನು ನೋಡಲೇ ಇಲ್ಲ ಅಣ್ಣಾ. ನಿದ್ದಿ ಹೋಗಿದ್ದೆ. ಸದ್ದಿಗೆ ಎಚ್ಚರ ಆಯ್ತು.”

ವೀರೇಶ ಎದ್ದ. ಬಾಗಿಲಲ್ಲಿದ್ದ ಪೊಲೀಸಿನವನು ಒಳಗೆ ಬಂದ. ವೀರೇಶ ಡ್ರೈವರನ ಹತ್ತಿರ ಹೋಗಿ ನಿಂತ, ಅವನ ಮುಷ್ಟಿ ಕಟ್ಟಿತ್ತು. ಡ್ರೈವರ್ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಹೊಡೆಸಿಕೊಳ್ಳಲು ಬಂದವನ ಹಾಗೆ ನಿಂತಿದ್ದ. ಬೆಟ್ಟಕ್ಕೂ ರೈಲು ನಿಲ್ದಾಣಕ್ಕೂ ಎರಡು ರಾತ್ರಿ ಮಲಗದೇ ಓಡಿಸಿದ್ದೆ, ಮಲಗಿದರೆ ಲಾರಿ ಬೇರೆಯವನಿಗೆ ಕೊಡುತ್ತಾರೆ ಅಂದ. ವೀರೇಶನ ಮುಷ್ಟಿ ಹಾಗೇ ಇತ್ತು. ಆಗ ಮಾತಾಡಿದವಳು ದುರುಗಮ್ಮ.

“ಕೇಳ್ರಿಲ್ಲಿ. ಇವ ಊರಾಗ ನಿದ್ದಿ ಮಾಡಿ ಗಾಡಿ ಹೊಡೀತಾನ. ನಮ್ಮ ಕೇರಿ ದಾರ್ಯಾಗ ಬಂದ್ರ ಎಚ್ಚರ ಆಕ್ಕಾನೇನು?”

ವೀರೇಶ ಬಂದು ತನ್ನ ಬೆಂಚಿನ ಮೇಲೆ ಕೂತ. ನನಗೆ ಹುಲಿಗೆಮ್ಮನ ಹೂವಿನ ಬುಟ್ಟಿ ಕಂಡಿತು, ಅದರ ಪಕ್ಕದಲ್ಲಿ ದುರುಗಮ್ಮನ ಮಗಳು ಕಂಡಳು. ಆ ಮಗಳು ಕೇರಿ ದಾರಿಯಲ್ಲಿ ಕೂತು ಪಾತ್ರೆ ತಿಕ್ಕುವುದನ್ನು ನಾನು ನೋಡಿದ್ದೆ. ಅಲ್ಲಿ ಮನೆಯ ಹೊಸ್ತಿಲು ದಾಟಿದರೆ ದಾರಿಯೇ, ನಡುವೆ ಕಟ್ಟೆಯೂ ಇಲ್ಲ.

ಅವತ್ತೇ ದೀಪ ಹಚ್ಚುವ ಹೊತ್ತಿಗೆ ಪಂಪಣ್ಣ ನಮ್ಮ ಗಿರಣಿಗೆ ಬಂದ. ಜೊತೆಗೆ ಇಬ್ಬರು. ಒಬ್ಬನ ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರಲ್ಲಿ ಮೈಲಾರಲಿಂಗನ ಭಂಡಾರ, ಕಾಯಿ. ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ರಾಡು. ನಮ್ಮ ಸೀಮೆಯಲ್ಲಿ ಆ ಅರಿಷಿಣದ ಪುಡಿ ಮುಟ್ಟಿ ಆಣೆ ಮಾಡಿದವರು ಮಾತು ತಪ್ಪುವುದಿಲ್ಲ, ತಪ್ಪಿದರೆ ಮೈಲಾರ ಬಿಡುವುದಿಲ್ಲ ಅಂತ ಎಲ್ಲರಿಗೂ ನಂಬಿಕೆ. ನನಗೂ. ಒಳಮನೆಯ ಬಾಗಿಲ ಸಂದಿಯಿಂದ ನೋಡಿದೆ. ಪಂಪಣ್ಣ ನನ್ನನ್ನು ಕರೆಯಲೇ ಇಲ್ಲ. ಕೈ ಎತ್ತುವವಳು ನಾನು, ಆದರೆ ಹೆಂಗಸನ್ನು ಕರೆದು ಆಣೆ ಹಾಕಿಸುವುದೇನು, ಯಜಮಾನ ಮುಟ್ಟಿದರೆ ಮನೆಯೇ ಮುಟ್ಟಿದ ಹಾಗೆ ಅಂತ ಅವನ ಲೆಕ್ಕ. ನಮ್ಮನೆಯವರ ಲೆಕ್ಕವೂ ಅದೇ ಇತ್ತು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನನ್ನದೂ.

ಕುಂದ್ರಿ ಅಂದರು ನಮ್ಮನೆಯವರು. ಪಂಪಣ್ಣ ಕೂಡಲಿಲ್ಲ. ಓಡುತ್ತಿದ್ದ ಗಿರಣಿಯ ಬೆಲ್ಟಿನ ಪಟ್ಟದ ಹತ್ತಿರ ಹೋಗಿ, “ಪಟ್ಟಾ ಭಾಳ ಸವದೇತಲ್ಲಣ್ಣ. ಕೈ ಸಿಕ್ಕಂಡ್ರ ಮೊಣಕೈತನ ಹೊಕ್ಕತಿ” ಅಂದ. ರಾಡಿನವನು ಶಟರನ್ನು ಅರ್ಧ ಇಳಿಸಿದ. ಆ ಡ್ರೈವರನನ್ನು ಉಳಿಸಲು ಇಳಿದ ಶಟರೇ ಅದು. ನಮ್ಮನೆಯವರು ಬಲಗೈ ಮುಂದೆ ಮಾಡಿದರು.

ಅವರು ಹೋದ ಮೇಲೆ ಇವರು ಒಳಗೆ ಬಂದು ಗೋಡೆಗೆ ಒರಗಿ ಕೂತರು. ಬೆರಳು ಹಳದಿಯಾಗಿದ್ದವು. ಏನಂತ ಮುಟ್ಟಿದ್ರಿ ಅಂತ ಕೇಳಿದೆ. ನಾಳೆ ನಮ್ಮ ಮನಿ ಕೈ ಕೇರಿ ದಾರಿಗೆ ಏಳ್ತತಿ ಅಂತ ಅಂದರು. ಏಳಲಿಲ್ಲ ಅಂದ್ರ ಅಂತ ಕೇಳಿದೆ. ಮೈಲಾರ ನನ್ನ ನೋಡ್ಕೊಳ್ಳಲಿ ಅಂತ ಅಂದೀನಿ ಅಂದರು. ನಮ್ಮ ಓಣಿಯಲ್ಲಿ ಯಾರ ಯಾರ ಹೆಸರು ಚೀಟಿಯಲ್ಲಿ ಬಂದಿತ್ತೋ ಎಲ್ಲ ಮನೆಗೂ ಆ ತಟ್ಟೆ ಹೋಗಿತ್ತು. ವೀರೇಶ ತಾನೇ ಮುಟ್ಟಿದ್ದ. ಕೇರಿಗೆ ಮಾತ್ರ ಹೋಗಿರಲಿಲ್ಲ. ಅಲ್ಲಿಗೆ ಹೋದದ್ದು ಬರೀ ರಾಡು. ದುರುಗಮ್ಮನ ಗುಡಿಸಲಿನ ಕದ ಮುರಿದು, ಅಡ್ಡ ಬಂದ ಅವಳ ತಮ್ಮನ ಹಲ್ಲು ಉದುರಿಸಿ ಹೋಗಿದ್ದರು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಗಂಡನ ಮೇಲೆ ಬಂದ ಆಣೆ ನನ್ನ ಕೈಯಲ್ಲಿತ್ತು. ಎತ್ತಿದರೆ ದುರುಗಮ್ಮನ ಮಗಳು. ಎತ್ತದಿದ್ದರೆ ಇವರು. ಪಂಪಣ್ಣನಿಗಿಂತ ನನಗೆ ಮೈಲಾರನ ಹೆದರಿಕೆ ಹೆಚ್ಚಿತ್ತು. ಜಗಲಿ ಮುಂದೆ ಕೂತು, ಅಪ್ಪಾ, ಆಂಜನೇಯನ ಮುಂದೆ ನನ್ನ ಹೆಸರು ಬರಿಸಿದಿ, ಮೈಲಾರನಾಗಿ ನನ್ನ ಗಂಡನ ಕೈ ಹಿಡದಿ, ಎರಡೂ ನೀನೇ ಆದರ ನಾನು ಯಾವ ಮಾತು ಕೇಳಲಿ ಅಂದೆ. ನಸುಕಿಗೆ ಒಲೆ ಹಚ್ಚುವಾಗ ಒಂದು ವಿಷಯ ಮಾತ್ರ ತಿಳಿಯಾಯಿತು. ಹಂಡೆಯಿಂದ ಬಂದ ಚೀಟಿಯಲ್ಲಿ ನಮ್ಮ ಮನೆ ಅಂತ ಇರಲಿಲ್ಲ. ನನ್ನ ಹೆಸರು ಇತ್ತು.

ಸಾಲೆಗೆ ಹೊರಟಾಗ ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದರು. ನೆನಪಿರ್ಲಿ ಅಂದರು. ಹೂಂ ಅಂದೆ.

ಕೈ ಎತ್ತುವ ಮೊದಲು ಯಾರಾದರೂ ಮಾತಾಡಬಹುದು ಅಂದರು ಮೇಡಂ. ನಾನು ಎದ್ದೆ. ಮಂದಿ ಮುಂದೆ ನಿಂತು ಅಭ್ಯಾಸವಿಲ್ಲ. ನಿನ್ನೆ ನಮ್ಮ ಮನೆಗೆ ಭಂಡಾರ ಬಂದಿತ್ತು ಅಂದೆ. ಕಿಟಕಿಯ ಆಚೆ ಪಂಪಣ್ಣನ ಆಳುಗಳು ನಿಂತಿದ್ದರು. “ಮುಟ್ಟಿದ್ದು ನಮ್ಮನಿಯವರು. ನಾನು ಮುಟ್ಟಿಲ್ಲ. ದೇವರು ಕರದದ್ದು ನನ್ನ, ನಾನು ಹೇಳ್ಬೇಕಾದ್ದು ದೇವರಿಗೆ. ತಪ್ಪಾದರ ಅದು ನನಗ ತಟ್ಟಲಿ.” ಅಷ್ಟು ಹೇಳಿ ಕೂತೆ.

ಕೇರಿ ದಾರಿಗೆ ಯಾರು ಅಂದಾಗ ಕೆಲವು ಕೈ ಎದ್ದವು. ವೀರೇಶ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಿದ್ದ. ಕುತ್ತಿಗೆಯ ನರ ಉಬ್ಬಿದ್ದವು. ಕೈ ಮೇಲೆ ಬರಲಿಲ್ಲ. ಹಗಲು ಹೊತ್ತು ಎಲ್ಲಿಯೂ ಲಾರಿ ಬೇಡ ಅನ್ನುವುದಕ್ಕೆ ಯಾರು ಅಂದಾಗ ದುರುಗಮ್ಮ ಎತ್ತಿದಳು, ನಾನು ಎತ್ತಿದೆ. ಹಿಂದೆ ಯಾರು ಯಾರು ಎತ್ತಿದರೋ ನಾನು ತಿರುಗಿ ನೋಡಲಿಲ್ಲ. ಮೇಡಂ ಎಣಿಸಿದರು, ಹೆಚ್ಚು ಕೈ ಇದಕ್ಕೇ ಬಂದಿದ್ದವು. ಪಂಚಾಯ್ತಿ ಅಲ್ಲೇ ಠರಾವು ಬರೆಯಿತು. ಅಧಿಕಾರಿಗಳು ಸಹಿ ಹಾಕಿದರು.

ಸಂಜೆ ಪಂಪಣ್ಣನ ಆಳುಗಳು ಬಂದರು. ಹೇಳಿ ಹೋಗಿದ್ದರಲ್ಲ, ಅದಕ್ಕೇ ಬಂದರು. ನಮ್ಮನೆಯವರು ಶಟರು ಇಳಿಸಲು ಹೋದಾಗ ರಾಡು ಸಂದಿಯಲ್ಲಿ ಹಾಕಿ ಎತ್ತಿದರು. ಮೊದಲ ಏಟು ಬಲಗೈಗೆ. ಭಂಡಾರ ಮುಟ್ಟಿದ ಕೈಗೇ ನೋಡಿಕೊಂಡು ಹೊಡೆದರು. ಎಲುಬು ಮುರಿದ ಸದ್ದು ನನಗೆ ಅಡುಗೆಮನೆಗೆ ಕೇಳಿತು. ನಾನು ಓಡಿ ಬರುವಷ್ಟರಲ್ಲಿ ಕೆಳಗೆ ಹಾಕಿ ಒದೆಯುತ್ತಿದ್ದರು. ನಮ್ಮನೆಯವರ ಮೇಲೆ ಅಡ್ಡ ಬಿದ್ದೆ, ಬೆನ್ನಿಗೆ ಒದೆ ಬಿತ್ತು, ಕೂದಲು ಹಿಡಿದು ಆಚೆ ಎಸೆದರು. ಮೋಟರಿಗೆ ಕಲ್ಲು ಹಾಕಿದರು, ಪಟ್ಟ ಕೊಯ್ದರು, ಬೀಸಿಟ್ಟ ಹಿಟ್ಟಿನ ಮೇಲೆ ಡೀಸೆಲ್ ಸುರಿದರು. ಗಿರಣಿಯೆಲ್ಲ ಬಿಳೀ ಹಿಟ್ಟಿನ ಹೊಗೆ, ಅದರೊಳಗೆ ಕೆಂಪು. ಓಣಿಯ ಬಾಗಿಲುಗಳು ಒಂದೊಂದೇ ಮುಚ್ಚಿಕೊಂಡವು. ಚಿಲಕ ಹಾಕುವ ಸದ್ದು ಕೇಳುತ್ತಿತ್ತು. ಎದುರಿನ ಅಂಗಡಿಯಿಂದ ವೀರೇಶ ಮಾತ್ರ ಬಂದ, ಅದೇ ಕಬ್ಬಿಣದ ಗಜ ಹಿಡಿದು. ಕಡ್ಡಿ ಗೀರುತ್ತಿದ್ದವನ ಮಣಿಕಟ್ಟಿಗೆ ಹೊಡೆದ. ವೀರೇಶನ ತಲೆಯನ್ನೂ ಒಡೆದರು, ಆದರೂ ಬಾಗಿಲು ಬಿಡಲಿಲ್ಲ. ಅಷ್ಟರಲ್ಲಿ ಕೇರಿ ಕಡೆಯಿಂದ ಮಂದಿ ಬರುವುದು ಕೇಳಿಸಿತು, ಮುಂದೆ ಹೆಂಗಸರು, ಕೈಯಲ್ಲಿ ಕುಡುಗೋಲು. ಜೀಪು ಹೊರಟುಹೋಯಿತು. ಬೆಂಕಿ ಹೊತ್ತಲಿಲ್ಲ. ಅದೊಂದು ಪುಣ್ಯ.

ದುರುಗಮ್ಮ ಒಳಗೆ ಬಂದಳು. ಮೆಟ್ಟಿಲು, ಹೊಸ್ತಿಲು, ಪಡಸಾಲೆ ಎಲ್ಲ ದಾಟಿ ಬಂದು ನಮ್ಮನೆಯವರ ತಲೆ ತನ್ನ ತೊಡೆ ಮೇಲೆ ಇಟ್ಟುಕೊಂಡಳು. ನಾನು ಕಲ್ಲಾಗಿ ನಿಂತಿದ್ದೆ. “ಮಡಿ ಆಮ್ಯಾಕ ನೋಡ್ಕೊಳ್ಳುವಂತ್ರಿ ಅಕ್ಕೋರೆ, ಈಗ ಈ ಕೈ ಹಿಡೀರಿ” ಅಂತ ತನ್ನ ಸೀರೆ ಸೆರಗು ಹರಿದಳು. ನಾನು ಹಿಡಿದೆ, ಅವಳು ಕಟ್ಟಿದಳು. ಕೇರಿಯವರೇ ತಳ್ಳುಗಾಡಿ ಮೇಲೆ ಹಾಕಿ ಬಸ್ ಸ್ಟ್ಯಾಂಡಿನವರೆಗೆ ತಂದರು, ಅಲ್ಲಿಂದ ಟೆಂಪೋದಲ್ಲಿ ಹೊಸಪೇಟೆ ಆಸ್ಪತ್ರೆ.

ಹಗಲು ಲಾರಿ ನಿಂತವು. ಸುಮ್ಮನೆ ನಿಲ್ಲಲಿಲ್ಲ. ಊರಿನ ಎರಡೂ ತುದಿಗೆ ಹಗ್ಗ ಕಟ್ಟಿ, ದೊಡ್ಡ ರಸ್ತೆಯವರೂ ಕೇರಿಯವರೂ ಪಾಳಿ ಮೇಲೆ ಕೂಡಬೇಕಾಯಿತು. ಮತ್ತೆ ಕಲ್ಲು ಬಿದ್ದವು, ಮತ್ತೆ ತಲೆ ಒಡೆದವು. ಆದರೆ ಠರಾವು ಕಾಗದದಲ್ಲಿತ್ತು, ಪೊಲೀಸರು ಈ ಸಲ ಹಗ್ಗದ ಈಚೆಗೆ ನಿಲ್ಲಬೇಕಾಯಿತು. ಕೆಲವು ವರ್ಷಕ್ಕೆ ಗಣಿಗಳೇ ನಿಂತುಹೋದವು. ಅಲ್ಲಿಯವರೆಗೆ ಕೇರಿ ದಾರಿ ಅಗಲವಾಗಲಿಲ್ಲ. ಗಿರಣಿ ಮತ್ತೆ ಏಳಲಿಲ್ಲ. ನಾವು ಕಂಪ್ಲಿಗೆ ಬಂದೆವು, ಒಂದು ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಣೆ ಕೆಲಸ ಇವರಿಗೆ ಸಿಕ್ಕಿತು. ಒಂದೇ ಕೈಯಲ್ಲಿ ಆಗುವ ಕೆಲಸ.

ಬಲಗೈ ಎದೆಯಿಂದ ಮೇಲೆ ಏಳಲೇ ಇಲ್ಲ. ಊರಲ್ಲಿ ಮಂದಿ, ಪಂಪಣ್ಣ ಅಲ್ಲ, ಮೈಲಾರ ತೊಗೊಂಡ ಅದನ್ನ ಅಂದರು. ಹೆಂಡ್ತಿ ಮಾಡಿದ್ದು ಗಂಡ ಉಂಡ ಅಂದರು. ಇವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಕಷ್ಟವಾಗಿತ್ತು. ನಾನು ಕಲಸಿ ಕೊಟ್ಟ ಅನ್ನವನ್ನು ಎಡಗೈಯಲ್ಲಿ ಉಂಡು, ತಟ್ಟೆ ನನ್ನ ಕಡೆ ಸರಿಸಿ ಎದ್ದು ಹೋಗುತ್ತಿದ್ದರು. ಸಾರಿಗೆ ಉಪ್ಪು ಸರಿಯೇ ಅಂತ ಕೇಳುವುದನ್ನು ನಾನು ಬಿಟ್ಟಿದ್ದೆ.

ಕೈ ಕಟ್ಟು ಬಿಚ್ಚಿದ ಮೇಲೆ ಒಂದು ಭಾನುವಾರ ತಾವೇ, ಮೈಲಾರಕ್ಕೆ ಹೋಗೋಣ, ತಪ್ಪು ಕಾಣಿಕೆ ಹಾಕಬೇಕು ಅಂದರು. ನನ್ನ ತಪ್ಪು ಒಪ್ಪಿಸಲು ಕರೆದೊಯ್ಯುತ್ತಿದ್ದಾರೆ ಅಂದುಕೊಂಡೆ. ಒಪ್ಪಿಸಲು ಸಿದ್ಧವಾಗಿಯೇ ಹೋಗಿದ್ದೆ, ಹೇಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಗುಡಿಯಲ್ಲಿ ಕಂಬಳಿ ಹೊದ್ದ ಮುದಿ ಗೊರವಯ್ಯ ಭಂಡಾರದ ಚೀಲ ಹಿಡಿದು ಕೂತಿದ್ದ. ಏನ್ ತಪ್ಪಪ್ಪಾ ಅಂತ ಇವರನ್ನು ಕೇಳಿದ.

ಇವರು ಎಡಗೈ ಚಾಚಿದರು. “ನನ್ನ ಹೆಂಡ್ತಿ ಕೈ ನಂದು ಅಂತ ತಿಳಕೊಂಡು ನಿನ್ನ ಮ್ಯಾಲೆ ಆಣಿ ಮಾಡಿದ್ದೆ ಅಪ್ಪಾ. ನಂದಲ್ಲದ್ದನ್ನ ಕೊಟ್ಟಿದ್ದೆ.”

ಗೊರವಯ್ಯ ಅವರ ಹಣೆಗೆ ಭಂಡಾರ ಹಚ್ಚಿದ. ಆಮೇಲೆ ನನ್ನ ಕಡೆ ತಿರುಗಿ, ನಿಂದೇನವ್ವ ಅಂದ. ಜೋಡಿಸಿಕೊಂಡು ಬಂದ ಮಾತು ಹೇಳಲು ಬಾಯಿ ತೆರೆದೆ.

“ಆಕಿದೇನಿಲ್ಲ” ಅಂದರು ಇವರು.

ನಾನು ಕಾಣಿಕೆ ಹಾಕಿಯೇ ಹಾಕಿದೆ. ತಪ್ಪಿಗಲ್ಲ. ಅವರ ಜೀವ ಉಳಿದದ್ದಕ್ಕೆ.